ಶುಲ್ಕ ಕಡಿಮೆ ಅಂತ ಸೇರಿಸುವ ಮುಂಚೆ

ಅಮ್ಮನಿಗೆ ಸದ್ಯ ಸ್ನಾನಕ್ಕೆ ಮಾತ್ರ ಸಹಾಯ ಬೇಕು, ಒಂದು ವೃದ್ಧಾಶ್ರಮದಲ್ಲಿ ತಿಂಗಳ ಶುಲ್ಕ ಕಡಿಮೆ ಆದರೆ ಆರೈಕೆಗೆ ಬೇರೆ ದುಡ್ಡು, ಇನ್ನೊಂದರಲ್ಲಿ ಎಲ್ಲ ಸೇರಿ ಜಾಸ್ತಿ, ಯಾವುದು ವಾಸಿ ಅಂತ ಕೇಳಿದ್ದೀರಿ ಅಲ್ವಾ. ಈ ತಿಂಗಳ ಬಿಲ್ ನೋಡಿ ತೀರ್ಮಾನ ಮಾಡಬೇಡಿ.

ವಯಸ್ಸಾದವರು ದಿನನಿತ್ಯದ ಯಾವ ಕೆಲಸ ತಾವೇ ಮಾಡಿಕೊಳ್ಳುತ್ತಾರೆ ಅಂತ ಅಳೆಯಲು ಅಮೆರಿಕದ ಡಾಕ್ಟರ್ ಸಿಡ್ನಿ ಕಾಟ್ಜ್ ಮತ್ತು ಜೊತೆಗಾರರು 1963ರಲ್ಲಿ ಕೊಟ್ಟ ಆರು ಕೆಲಸಗಳ ಪಟ್ಟಿ ಇವತ್ತಿಗೂ ಬಳಕೆಯಲ್ಲಿದೆ: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಕ್ಕೆ ಹೋಗುವುದು, ಹಾಸಿಗೆಯಿಂದ ಎದ್ದು ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ, ಊಟ. ಸಾಮಾನ್ಯವಾಗಿ ಮೊದಲು ಕೈಕೊಡುವುದು ಸ್ನಾನವೇ. ಉಳಿದವು ಆಮೇಲೆ. ಹಾಗಾಗಿ ಕಡಿಮೆ ಶುಲ್ಕದವರನ್ನು ಕೇಳಿ: ಒಂದೊಂದಕ್ಕೂ ಸಹಾಯ ಬೇಕಾದಾಗ ಎಷ್ಟು ಏರುತ್ತದೆ, ಅದನ್ನು ಯಾರು ನಿರ್ಧರಿಸುತ್ತಾರೆ, ಅಮ್ಮ ಹಾಸಿಗೆ ಹಿಡಿದರೆ ಇಟ್ಟುಕೊಳ್ಳುತ್ತಾರಾ ಅಥವಾ ಕರೆದುಕೊಂಡು ಹೋಗಿ ಅನ್ನುತ್ತಾರಾ, ಠೇವಣಿ ಯಾವಾಗ ವಾಪಸ್. ಎಲ್ಲ ಬರವಣಿಗೆಯಲ್ಲೇ ಬೇಕು. ಇನ್ನೊಬ್ಬರ "ಎಲ್ಲ ಸೇರಿ" ಅನ್ನುವುದರಲ್ಲಿ ಡಯಾಪರ್, ಆಸ್ಪತ್ರೆಗೆ ಜೊತೆಗೆ ಬರುವವರ ಖರ್ಚು ಸೇರಿದೆಯಾ, ಅದನ್ನೂ ಕೇಳಿ.

ಆಮೇಲೆ ಒಂದು ಸಂಜೆ ಹೇಳದೆ ಹೋಗಿ. ಬಚ್ಚಲಲ್ಲಿ ಹಿಡಿದುಕೊಳ್ಳುವ ಕಂಬಿಯನ್ನು ಗಟ್ಟಿಯಾಗಿ ಎಳೆದು ನೋಡಿ, ಟವೆಲ್ ಹಾಕುವ ಸರಳು ಮೈಭಾರ ತಡೆಯಲ್ಲ. ಕರೆಗಂಟೆಯ ದಾರ ನೆಲದ ತನಕ ಬರುತ್ತದಾ? ಬಿದ್ದವರ ಕೈ ಎಟುಕುವುದು ಅಲ್ಲಿಗೇ. ಒಂದು ಸಲ ಗಂಟೆ ಬಾರಿಸಿ, ಎಷ್ಟು ಹೊತ್ತಿಗೆ ಬರುತ್ತಾರೆ ನೋಡಿ. ರಾತ್ರಿ ಎಚ್ಚರವಾಗಿ ಇರುವವರು ಎಷ್ಟು ಜನ ಅಂತ ಕೇಳಿ, ಅಲ್ಲೇ ಮಲಗುವವರನ್ನು ಲೆಕ್ಕಕ್ಕೆ ತಗೋಬೇಡಿ. ಮುಂಭಾಗದ ಹಾಲ್‌ನ ಸೋಫಾ ನೋಡಿ ಮರುಳಾಗಬೇಡಿ, ಅದು ಇರೋದು ನಮ್ಮಂಥ ಮಕ್ಕಳಿಗೆ.

ಕಡಿಮೆ ಶುಲ್ಕದವರು ದರಪಟ್ಟಿಯನ್ನು ಕಾಗದದಲ್ಲಿ ಕೊಡಲ್ಲ ಅಂದರೆ, ನಾನಾಗಿದ್ದರೆ ಎರಡನೆಯದನ್ನೇ ಆರಿಸುತ್ತಿದ್ದೆ.