ಶಿಗ್ಮೊ ಮೆರವಣಿಗೆಗೆ ಹೋಗಲೇ ಎಂದು ಕೇಳಿದವರಿಗೆ

ಹಾವೇರಿಯಿಂದ ಬಂದು ವೆರ್ಣಾದ ಔಷಧ ಕಾರ್ಖಾನೆಯೊಂದರಲ್ಲಿ ಈಗಷ್ಟೇ ಕೆಲಸಕ್ಕೆ ಸೇರಿರುವ ನೀವು, ಗೋವಾದಲ್ಲಿ ಬದುಕು ಹೇಗೆ ಎಂದು ಕೇಳುತ್ತ ಒಂದು ಖಚಿತವಾದ ಪ್ರಶ್ನೆಯನ್ನೂ ಇಟ್ಟಿದ್ದೀರಿ. ಹೋಳಿಯ ನಂತರದ ರಜೆಯ ಸಂಜೆ ನಿಮ್ಮ ವಿಭಾಗದವರೆಲ್ಲ ಟೆಂಪೊ ಟ್ರಾವೆಲರ್ ಗೊತ್ತುಮಾಡಿಕೊಂಡು ಪಣಜಿಯ ಶಿಗ್ಮೊ ಮೆರವಣಿಗೆ ನೋಡಲು ಹೊರಟಿದ್ದಾರೆ. ಕೊಂಕಣಿ ಬಾರದ ನೀವು ಆ ಗುಂಪಿನಲ್ಲಿ ಸುಮ್ಮನೆ ನಿಲ್ಲುವುದಕ್ಕಿಂತ, ಅದೇ ದುಡ್ಡಿನಲ್ಲಿ ಹುಬ್ಬಳ್ಳಿಯ ರೈಲು ಹತ್ತಿ ಊರಿಗೆ ಹೋಗಿಬರುವುದು ಮೇಲಲ್ಲವೇ ಎಂಬುದು ನಿಮ್ಮ ಅಳುಕು. ಊರಿಗೆ ಬೇರೆ ವಾರ ಹೋಗಿ, ಆ ಸಂಜೆ ಪಣಜಿಗೆ ಹೋಗಿ ಎಂಬುದು ನನ್ನ ಉತ್ತರ.

ಶಿಗ್ಮೊ ಫಾಲ್ಗುಣ ಮಾಸದ ಹಬ್ಬ. ಹಳ್ಳಿಗಳಲ್ಲಿ ಧಾಕ್ಟೊ, ವ್ಹಡ್ಲೊ ಎಂದು ಎರಡು ಬಗೆಯಲ್ಲಿ ನಡೆಯುತ್ತದೆ. ಹುಣ್ಣಿಮೆಗೆ ಮುಗಿಯುವುದು ಚಿಕ್ಕದು, ಹುಣ್ಣಿಮೆಯಿಂದ ತೊಡಗುವುದು ದೊಡ್ಡದು. ನಿಮ್ಮವರು ಹೊರಟಿರುವುದು ಪ್ರವಾಸೋದ್ಯಮ ಇಲಾಖೆ ಮತ್ತು ಸ್ಥಳೀಯ ಸಮಿತಿಗಳು ಸೇರಿ ನಡೆಸುವ ಪಟ್ಟಣದ ಮೆರವಣಿಗೆಗೆ. ಫೊಂಡಾ, ಪಣಜಿ, ಮಡಗಾಂವ್, ವಾಸ್ಕೊ, ಮ್ಹಾಪ್ಸಾ ಹೀಗೆ ಒಂದೊಂದು ಸಂಜೆ ಒಂದೊಂದು ಊರಿನಲ್ಲಿ ಅದು ನಡೆಯುತ್ತದೆ. ಬಹುಮಾನವಿರುವುದರಿಂದ ಹಳ್ಳಿ ಹಳ್ಳಿಗಳ ಮೇಳಗಳು ಹಟ ತೊಟ್ಟು ಬರುತ್ತವೆ.

ಮೊದಲು ಬರುವುದು ಬಹುಮಟ್ಟಿಗೆ ರೊಮಟಾಮೆಳ. ಸೊಂಟಕ್ಕೆ ಬಿಗಿದ ಢೋಲು, ತಾಶೆ, ದೊಡ್ಡ ತಾಳಗಳಂಥ ಕಾಸಾಳೆ ಹಿಡಿದ ಹುಡುಗ ಹುಡುಗಿಯರು ಸಾಲುಗಟ್ಟಿ ಬರುತ್ತಾರೆ; ಒಂದು ಪೆಟ್ಟಿಗೆ ಇಡೀ ಸಾಲು ಬಾಗುತ್ತದೆ, ಮುಂದಿನ ಪೆಟ್ಟಿಗೆ ನೆಗೆಯುತ್ತದೆ, ನಡುನಡುವೆ ‘ಓಸ್ಸಯ್, ಓಸ್ಸಯ್’ ಎಂಬ ಕೂಗು ರಸ್ತೆಯ ಈ ತುದಿಯಿಂದ ಆ ತುದಿಗೆ ಹೋಗುತ್ತದೆ. ಆಮೇಲೆ ಘೋಡೆಮೋಡ್ನಿ. ಸತ್ತರಿ, ಡಿಚೋಲಿ ಕಡೆಯ ಈ ಕುಣಿತದಲ್ಲಿ ಕುಣಿಯುವವನ ಸೊಂಟಕ್ಕೆ ಮರದ ಕುದುರೆಯ ಚೌಕಟ್ಟನ್ನು ಕಟ್ಟಿರುತ್ತಾರೆ. ತಲೆಗೆ ಹೂ ಸುತ್ತಿದ ಪೇಟ, ಕಾಲಿಗೆ ಗೆಜ್ಜೆ, ಒಂದು ಕೈಯಲ್ಲಿ ಲಗಾಮು, ಇನ್ನೊಂದರಲ್ಲಿ ಎತ್ತಿಹಿಡಿದ ಕತ್ತಿ. ನೀವು ಕತ್ತಿಯನ್ನು ನೋಡಬೇಡಿ, ಅವನ ಮೊಣಕಾಲನ್ನು ನೋಡಿ. ಅಷ್ಟು ಭಾರ ಹೊತ್ತು ಮುಂದೆ ಎರಡು ಹೆಜ್ಜೆ, ಹಿಂದೆ ಒಂದು ಹೆಜ್ಜೆ ಇಡುವಾಗ ಕುದುರೆಗೆ ನಿಜವಾಗಿಯೂ ಜೀವ ಬಂದಂತೆ ಕಾಣುವುದು ಆ ಮೊಣಕಾಲಿನ ಕುಲುಕಿನಿಂದಲೇ. ಕೊನೆಯಲ್ಲಿ ಲಾರಿಗಳ ಮೇಲೆ ಪುರಾಣದ ಕಥೆಗಳನ್ನು ಹೊತ್ತ ಚಿತ್ರರಥಗಳು ಬರುತ್ತವೆ. ರಾಕ್ಷಸನ ಬಾಯಿ ತೆರೆಯುವುದನ್ನು ಮಕ್ಕಳು ಬೆರಗಿನಿಂದ ನೋಡುತ್ತಿರುವಾಗ, ಉದ್ದದ ಕೋಲು ಹಿಡಿದ ಒಬ್ಬನು ವಿದ್ಯುತ್ ತಂತಿ ಕಿರೀಟಕ್ಕೆ ತಾಗದಂತೆ ಮೇಲೆತ್ತಿ ರಥವನ್ನು ದಾಟಿಸುವುದನ್ನೂ ಗಮನಿಸಿ. ಆ ಕೆಲಸದ ಎಚ್ಚರ ನನಗೆ ಇಷ್ಟ.

ಭಾಷೆಯ ಚಿಂತೆ ಈ ಕುಣಿತದ ಮುಂದೆ ಉಳಿಯುವುದಿಲ್ಲ. ಎರಡೂ ಕೈಗಳಲ್ಲಿ ಕತ್ತಿ ಹಿಡಿದು ವೀರಭದ್ರ ಬಂದಾಗ, ಒಡಪು ಹೇಳುತ್ತ ಕುಣಿಯುವ ಪುರವಂತರನ್ನು ಚಿಕ್ಕಂದಿನಿಂದ ಕಂಡ ನಿಮಗೆ ಯಾರೂ ಅರ್ಥ ಹೇಳಬೇಕಾಗಿಲ್ಲ. ನಿಮ್ಮ ಸಹೋದ್ಯೋಗಿಗಳಿಗೆ ನೀವೇ ನಾಲ್ಕು ಮಾತು ಹೇಳಬಹುದು. ಅಂಕೋಲಾ, ಕುಮಟಾ ಕಡೆಯ ಹಾಲಕ್ಕಿ ಒಕ್ಕಲಿಗರು ತುರಾಯಿ ಕಟ್ಟಿ ಸುಗ್ಗಿ ಕುಣಿಯುವುದೂ ಇದೇ ಹುಣ್ಣಿಮೆಯ ಆಸುಪಾಸಿನಲ್ಲಿ. ಗೋವೆಯ ಕದಂಬರಿಗೆ ಬೆಳಗಾವಿ ಜಿಲ್ಲೆಯ ಹಲಸಿಯೂ ರಾಜಧಾನಿಯಾಗಿತ್ತು, ಇಂದಿಗೂ ಇಲ್ಲಿಯ ಸರ್ಕಾರಿ ಬಸ್ಸಿನ ಹೆಸರು ಕದಂಬ. ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಇರುವ ನಂಟು ಹಳೆಯದು.

ನಾನು ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಫೊಂಡಾದಲ್ಲಿ ನೆಲೆಸಿದ ಆರಂಭದ ವರ್ಷಗಳಲ್ಲಿ ಘಟ್ಟದ ಮೇಲಿನಿಂದ ಬಂದ ನಮ್ಮನ್ನು ಹೀಯಾಳಿಸಿ ‘ಘಾಟಿ’ ಎಂದು ಕರೆಯುವುದನ್ನು ಕೇಳಿ ನಾನೂ ನೊಂದಿದ್ದೇನೆ. ನೀವೂ ಒಂದಲ್ಲ ಒಂದು ದಿನ ಕೇಳುತ್ತೀರಿ. ಆಗ ನಮ್ಮವರಲ್ಲಿ ಹಲವರು ಮಾಡುವುದೆಂದರೆ ಕೆಲಸ, ಕನ್ನಡದವರ ಕೋಣೆ, ಶನಿವಾರದ ರೈಲು ಇಷ್ಟರಲ್ಲೇ ಗೋವಾವನ್ನು ಮುಗಿಸಿಬಿಡುವುದು. ಹಾಗೆ ಹತ್ತಾರು ವರ್ಷ ಇದ್ದೂ ನೆರೆಮನೆಯವರ ಹೆಸರು ತಿಳಿಯದವರನ್ನು ಬಲ್ಲೆ, ಅವರ ಬಗ್ಗೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ನನ್ನ ಮಗಳು ಶಾಲೆಯಲ್ಲಿದ್ದಾಗ ನಮ್ಮ ಓಣಿಯ ರೊಮಟಾಮೆಳದಲ್ಲಿ ಕಾಸಾಳೆ ಬಾರಿಸಲು ಸೇರಿದಳು; ಅಭ್ಯಾಸಕ್ಕೆ ಅವಳನ್ನು ಬಿಡಲು, ಕರೆತರಲು ಹೋಗುತ್ತಿದ್ದ ಸಂಜೆಗಳಲ್ಲಿಯೇ ಓಣಿಯವರು ನಮ್ಮ ಮನೆಗೆ ಬಂದುಹೋಗಲು ತೊಡಗಿದರು. ನಿಮ್ಮನ್ನು ಸಹೋದ್ಯೋಗಿಗಳು ತಾವಾಗಿಯೇ ಕರೆದಿದ್ದಾರೆ. ಅಂಥ ಕರೆಗೆ ಒಮ್ಮೆ ಒಲ್ಲೆ ಎಂದರೆ ಎರಡನೆಯ ಸಲ ಕರೆಯಲು ಅವರೂ ಹಿಂಜರಿಯುತ್ತಾರೆ.

ಪಣಜಿಯ ಮೆರವಣಿಗೆ ನಿಮಗೆ ಹಿಡಿಸಿದರೆ, ಗುಂಪಿನಲ್ಲಿ ಸತ್ತರಿಯವರೋ ಡಿಚೋಲಿಯವರೋ ಇದ್ದಾರೆಯೇ ಎಂದು ವಿಚಾರಿಸಿ, ಅವರ ಹಳ್ಳಿಯ ಮಾಂಡ್‌ಗೆ ಕರೆದೊಯ್ಯುವಂತೆ ಕೇಳಿ. ಮಾಂಡ್ ಎಂದರೆ ಊರವರು ಸೇರಿ ಮೊದಲು ನಮನ ಹಾಡಿ ಆಮೇಲೆ ಕುಣಿಯುವ ಪವಿತ್ರ ಅಂಗಳ. ಅಲ್ಲಿ ಬಹುಮಾನವಿಲ್ಲ, ಧ್ವನಿವರ್ಧಕದ ಅಬ್ಬರವಿಲ್ಲ. ನನ್ನ ಮಟ್ಟಿಗೆ ಪಟ್ಟಣದ ಮೆರವಣಿಗೆಗಿಂತ ಅದು ಎಷ್ಟೋ ಮಿಗಿಲು. ಅವರು ಚಪ್ಪಲಿ ಬಿಟ್ಟಲ್ಲಿ ನೀವೂ ಬಿಡಿ, ಕೇಳದೆ ಮೊಬೈಲ್ ಎತ್ತಬೇಡಿ.

ಇನ್ನು ವ್ಯವಹಾರದ ಮಾತು. ಗಾಡಿಯ ಬಾಡಿಗೆಯಲ್ಲಿ ನಿಮ್ಮ ಪಾಲನ್ನು ಕೇಳುವ ಮೊದಲೇ ಕೊಟ್ಟುಬಿಡಿ. ಮೆರವಣಿಗೆ ಸಂಜೆ ಹೊರಡಬೇಕಾದದ್ದು ಕತ್ತಲಾದ ಮೇಲೆ ಹೊರಡುತ್ತದೆ, ಮುಗಿಯುವಾಗ ಮಧ್ಯರಾತ್ರಿ ಹತ್ತಿರವಾಗಿರುತ್ತದೆ. ಹಾಗಾಗಿ ರಸ್ತೆಬದಿಯ ಗಾಡಿಯಲ್ಲಿ ಮಸಾಲೆ ಸಾರು ಸುರಿದ ಆಮ್ಲೆಟ್, ಅಂದರೆ ರೋಸ್ ಆಮ್ಲೆಟ್ ಪಾವ್ ತಿಂದು, ನೀವು ಶಾಕಾಹಾರಿಗಳಾದರೆ ಪಾವ್ ಭಾಜಿ ತಿಂದು, ನಂತರವೇ ಜಾಗ ಹಿಡಿದು ನಿಲ್ಲಿ. ಗುಂಪಿನಿಂದ ತಪ್ಪಿಸಿಕೊಂಡರೆ ಆ ಹೊತ್ತಿನಲ್ಲಿ ವೆರ್ಣಾ ಕಡೆಗೆ ಬಸ್ಸು ಸಿಗುವುದನ್ನು ನೆಚ್ಚುವಂತಿಲ್ಲ, ಪೈಲಟ್ ಎಂದು ಕರೆಯುವ ಬಾಡಿಗೆ ಬೈಕಿನವರೂ ಮನೆ ಸೇರಿರುತ್ತಾರೆ. ಗಾಡಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಇಳಿಯುವಾಗಲೇ ಚಾಲಕರಿಂದ ಕೇಳಿಟ್ಟುಕೊಳ್ಳಿ. ಮರುದಿನ ನಿಮಗೆ ಮೊದಲ ಪಾಳಿ ಇದ್ದರೆ ಈ ವಾರವೇ ಯಾರೊಂದಿಗಾದರೂ ಬದಲಾಯಿಸಿಕೊಳ್ಳಿ.