ಹತ್ತಿ ಬಿಡಿಸುವ ತಿಂಗಳಲ್ಲಿ ಹಾಜರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಸರ್ಕಾರಿ ಶಾಲೆಗಳ ಹಾಜರಿ ಮತ್ತು ಕಲಿಕೆಯ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಆಯ್ದವು ಇಲ್ಲಿವೆ. ಒಂದೇ ಬಗೆಯವನ್ನು ಕೂಡಿಸಿದ್ದೇವೆ.

ಪ್ರಶ್ನೆ: ನಮ್ಮೂರ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ದಸರಾ ರಜೆ ಮುಗಿದ ಮೇಲೆ ಸಂಕ್ರಾಂತಿವರೆಗೆ ಐದರಿಂದ ಎಂಟನೇ ತರಗತಿ ಅರ್ಧ ಖಾಲಿ. ಹತ್ತಿ ಬಿಡಿಸಲಿಕ್ಕೆ ಹೋಗ್ತಾರೆ. ಮನೆಮನೆಗೆ ಹೋಗಿ ಹೇಳಿದ್ದಾಯಿತು, ಜಾಥಾ ಮಾಡಿದ್ದಾಯಿತು. ಇನ್ನೇನು ಮಾಡಬೇಕು?
— ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು, ಮಾನ್ವಿ ತಾಲ್ಲೂಕು

ಉತ್ತರ: ಜಾಥಾದಿಂದ ಹಾಜರಿ ಏರಿದ್ದು ಕಡಿಮೆ. ಮಕ್ಕಳನ್ನು ಶಾಲೆಗೆ ಕಳಿಸಬೇಕು ಎಂಬುದು ಗೊತ್ತಿಲ್ಲದ ತಂದೆತಾಯಿ ಈಗ ಸಿಗುವುದೇ ಅಪರೂಪ. ಮೊದಲು ಕಳೆದ ವರ್ಷದ ಹಾಜರಿ ಪುಸ್ತಕ ತೆಗೆಯಿರಿ. ಅಕ್ಟೋಬರ್‌ನಿಂದ ಜನವರಿವರೆಗಿನ ಪುಟಗಳು ಸಾಕು. ಶಾಲೆಯ ಸರಾಸರಿ ನೋಡಬೇಡಿ. ಶೇ 80 ಅಂದರೆ ಪ್ರತಿ ಮಗುವೂ ಐದು ದಿನಕ್ಕೊಮ್ಮೆ ತಪ್ಪಿಸಿರಬಹುದು, ಇಲ್ಲವೇ ಐವರಲ್ಲಿ ಒಬ್ಬರು ಇಡೀ ಹಂಗಾಮು ಬಂದೇ ಇಲ್ಲದಿರಬಹುದು. ಎರಡಕ್ಕೂ ಮದ್ದು ಬೇರೆ. ಒಂದೊಂದು ಮಗುವಿನ ಸಾಲನ್ನು ಅಡ್ಡಲಾಗಿ ಓದಿ, ವಾರದ ಯಾವ ದಿನ ಗೈರು ಎಂದು ಗುರುತು ಹಾಕುತ್ತಾ ಹೋಗಿ.

ಹಾಗೆ ಓದಿದರೆ ಸಾಮಾನ್ಯವಾಗಿ ಮೂರು ಬಗೆ ಕಾಣುತ್ತವೆ. ಸಂತೆಯ ದಿನವೋ ಅದರ ಮರುದಿನವೋ ತಪ್ಪಿಸುವುದು ಒಂದು. ಎಂಟ್ಹತ್ತು ದಿನ ಪೂರ್ತಿ ಗೈರು, ಆಮೇಲೆ ಹಾಜರು, ಮತ್ತೆ ಗೈರು ಎಂಬುದು ಎರಡನೆಯದು. ಇದು ಹೊಲದ ಲೆಕ್ಕ. ಹತ್ತಿ ಒಂದೇ ಸಲಕ್ಕೆ ಒಡೆಯುವುದಿಲ್ಲ. ಮೂರು ನಾಲ್ಕು ಸಲ ಬಿಡಿಸಬೇಕು, ನಡುವೆ ಬಿಡುವು ಇರುತ್ತದೆ. ಕೂಲಿ ಕೆ.ಜಿ. ಲೆಕ್ಕದಲ್ಲಿ ಸಿಗುವುದರಿಂದ ಹತ್ತು ವರ್ಷದ ಕೈಯೂ ಮನೆಗೆ ದುಡ್ಡು ತರುತ್ತದೆ. ಮೂರನೆಯದು ಹೆಚ್ಚಾಗಿ ಹೆಣ್ಣುಮಕ್ಕಳದು: ಹೊಲಕ್ಕೆ ಹೋಗುವುದಿಲ್ಲ, ಆದರೂ ತಿಂಗಳುಗಟ್ಟಲೆ ಬರುವುದಿಲ್ಲ. ಆ ಮನೆಯಲ್ಲಿ ಒಂದೂವರೆ ಎರಡು ವರ್ಷದ ಕೂಸು ಇದೆಯೇ ವಿಚಾರಿಸಿ. ಕೂಲಿಯವರನ್ನು ಒಯ್ಯುವ ಟಂಟಂ ಆಟೊ ಬೆಳಗಿನ ಆರೂವರೆಗೆಲ್ಲ ಊರು ಬಿಟ್ಟಿರುತ್ತದೆ, ಅಂಗನವಾಡಿ ತೆರೆಯುವುದು ಅದಾದ ಎಷ್ಟೋ ಹೊತ್ತಿಗೆ. ಅಷ್ಟರತನಕ ಕೂಸನ್ನು ಎತ್ತಿಕೊಳ್ಳುವವಳು ಅಕ್ಕ.

ಮೂರನೆಯದಕ್ಕೆ ಪರಿಹಾರ ಶಾಲೆಯ ಹೊರಗಿದೆ. ಮೂರು ವರ್ಷದೊಳಗಿನ ಕೂಸುಗಳನ್ನು ನೋಡಿಕೊಳ್ಳಲು ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವ ಯೋಜನೆ 2023ರಲ್ಲಿ ಘೋಷಣೆಯಾಯಿತು. ನಿಮ್ಮ ಪಂಚಾಯಿತಿಯಲ್ಲಿ ಅದು ಇದ್ದರೆ ಹಂಗಾಮಿನ ತಿಂಗಳುಗಳಲ್ಲಿ ಟಂಟಂ ಹೊರಡುವ ಮುಂಚೆ ಬಾಗಿಲು ತೆರೆಸಿ. ಇಲ್ಲದಿದ್ದರೆ ಎಸ್‌ಡಿಎಂಸಿ ಠರಾವು ಮಾಡಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಕೊಡಿ. ಒಂದು ಕೂಸಿಗೆ ಜಾಗ ಸಿಕ್ಕರೆ ಒಬ್ಬ ಹುಡುಗಿ ಶಾಲೆಗೆ ಮರಳುತ್ತಾಳೆ. ಇದರಷ್ಟು ನೇರವಾದ ಉಪಾಯ ಇನ್ನೊಂದಿಲ್ಲ. ಪಂಚಾಯಿತಿಗಳು ಮಾತ್ರ ಇದನ್ನು ಶಾಲೆಯ ಹಾಜರಿಗೆ ಸಂಬಂಧಿಸಿದ ಕೆಲಸ ಎಂದು ನೋಡುವುದೇ ಇಲ್ಲ.

ಎರಡನೆಯದಕ್ಕೆ ಸೆಪ್ಟೆಂಬರ್‌ನಲ್ಲೇ, ಹಂಗಾಮಿಗೆ ಮುಂಚೆ, ಒಂದು ಸಭೆ ಕರೆಯಿರಿ. ತಂದೆತಾಯಿಗಿಂತ ಮೊದಲು ಕರೆಯಬೇಕಾದವರು ಕೂಲಿಯವರನ್ನು ಕೂಡಿಸುವ ಮೇಸ್ತ್ರಿ, ಟಂಟಂ ಮಾಲೀಕ, ಹೊಲದ ಧಣಿ. 14 ವರ್ಷದೊಳಗಿನ ಮಗುವನ್ನು ಬೇರೆಯವರ ಹೊಲದಲ್ಲಿ ದುಡಿಸಿಕೊಳ್ಳುವುದು 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಅಪರಾಧ. ಸ್ವಂತ ಹೊಲದಲ್ಲಿ ಮನೆಯವರಿಗೆ ನೆರವಾಗಲು ಅವಕಾಶವಿದೆ, ಅದೂ ಶಾಲೆಯ ಹೊತ್ತು ಬಿಟ್ಟು. ‘ಗಾಡಿಯಲ್ಲಿ ಮಕ್ಕಳನ್ನು ಹತ್ತಿಸುವುದಿಲ್ಲ’ ಎಂದು ನಾಲ್ಕು ಮಂದಿ ಒಪ್ಪಿದರೆ ಐವತ್ತು ಮನೆಗೆ ಅಲೆಯುವುದು ತಪ್ಪುತ್ತದೆ. ಒಪ್ಪಿಯೂ ಮುರಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಇನ್ನು ದಿನದ ಕೆಲಸ. ಮಗು ಬಾರದ ಮೊದಲ ದಿನ ಪಕ್ಕದ ಮನೆಯ ಸಹಪಾಠಿ ವಿಚಾರಿಸಲಿ. ಮೂರನೇ ದಿನ ಶಿಕ್ಷಕರ ಜೊತೆ ಎಸ್‌ಡಿಎಂಸಿಯ ಒಬ್ಬ ತಾಯಿ ಸದಸ್ಯೆ ಹೋಗಲಿ, ಅದೂ ಸಂಜೆ ಏಳರ ಮೇಲೆ. ಹಗಲು ಹೋದರೆ ಬೀಗವೇ ಎದುರಾಗುವುದು. ಏಳು ದಿನ ಸತತವಾಗಿ ಹೇಳದೆ ಕೇಳದೆ ಬಾರದ ಮಗುವನ್ನು ನಮ್ಮ ರಾಜ್ಯದಲ್ಲಿ ಶಾಲೆಯಿಂದ ಹೊರಗುಳಿದ ಮಗು ಎಂದೇ ಎಣಿಸುತ್ತಾರೆ. ಅಲ್ಲಿವರೆಗೆ ಕಾಯಬೇಡಿ.

ಕೆಲಸ ಕೆಡುವುದು ಸಾಮಾನ್ಯವಾಗಿ ಮಗು ಮರಳಿದ ದಿನ. ಹತ್ತು ದಿನ ತಪ್ಪಿಸಿದವನು ಹಿಂದಿನ ಸಾಲಿನಲ್ಲಿ ಕೂತಿರುತ್ತಾನೆ, ಭಾಗಾಕಾರ ಎಲ್ಲಿಗೋ ಹೋಗಿರುತ್ತದೆ, ಎಲ್ಲರ ಎದುರು ಬೈಸಿಕೊಳ್ಳುತ್ತಾನೆ. ಮುಂದಿನ ಗೈರಿಗೆ ಹತ್ತಿ ಕಾರಣವಲ್ಲ, ಅವಮಾನ ಕಾರಣ. ಮರಳಿದವರಿಗೆ ಎರಡು ವಾರ ದಿನಕ್ಕೆ ಅರ್ಧ ಗಂಟೆ ಬೇರೆ ಪಾಠ ಕೊಟ್ಟು ಜೊತೆಗೆ ತಂದುಕೊಳ್ಳಿ. ಸಂತೆಯ ದಿನದ ಗೈರಿಗೆ ತಲೆಕೆಡಿಸಿಕೊಳ್ಳಬೇಡಿ. ಆ ದಿನ ಹೊಸ ಪಾಠ ಶುರುಮಾಡದಿದ್ದರೆ ಆಯಿತು.

ಪ್ರಶ್ನೆ: ಗೈರುಹಾಜರಾದವರ ಮನೆಗೆ ದಂಡ ಹಾಕುತ್ತೇವೆಂದು ಊರಲ್ಲಿ ಡಂಗುರ ಸಾರಿಸಬಹುದೇ? ರೇಷನ್ ತಡೆಯಬಹುದೇ?
— ಗ್ರಾಮ ಪಂಚಾಯಿತಿ ಸದಸ್ಯರು, ಯಲಬುರ್ಗಾ ತಾಲ್ಲೂಕು

ಉತ್ತರ: ಎರಡೂ ಆಗದು. ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎಂದು ಶಿಕ್ಷಣ ಹಕ್ಕು ಕಾಯ್ದೆಯ 10ನೇ ಕಲಂ ಹೇಳುತ್ತದೆಯೇ ಹೊರತು ದಂಡ ಹಾಕುವ ಅಧಿಕಾರವನ್ನು ಯಾರಿಗೂ ಕೊಟ್ಟಿಲ್ಲ. ರೇಷನ್ ನಿಂತ ಮನೆ ಇನ್ನೊಂದು ಮಗುವನ್ನೂ ಕೂಲಿಗೆ ಕಳಿಸುತ್ತದೆ, ಅಷ್ಟೇ.

ಪ್ರಶ್ನೆ: ದೀಪಾವಳಿ ಮುಗಿಸಿ ನಾವು ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗ್ತೀವಿ, ಯುಗಾದಿಗೆ ವಾಪಸ್. ಮಗ ಮೂರನೇ ಕ್ಲಾಸು. ಟಿ.ಸಿ. ತಗೊಂಡು ಹೋಗಬೇಕೋ, ಬಿಟ್ಟು ಹೋಗಬೇಕೋ?
— ಓದುಗರು, ಲಿಂಗಸುಗೂರು ತಾಲ್ಲೂಕು

ಉತ್ತರ: ಊರಲ್ಲಿ ಅಜ್ಜಿ ಅಥವಾ ದೊಡ್ಡವರು ಯಾರಾದರೂ ಇದ್ದರೆ ಬಿಟ್ಟು ಹೋಗುವುದು ಒಳ್ಳೆಯದು. ಇಲ್ಲದವರಿಗೆ, ಗುಳೆ ಹೋಗುವವರ ಮಕ್ಕಳಿಗೆಂದೇ ಊರಲ್ಲಿ ಹಂಗಾಮಿನ ವಸತಿ ಕೇಂದ್ರ ನಡೆಸಲು ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅವಕಾಶವಿದೆ. ಆದರೆ ಹೊರಡುವ ಹಿಂದಿನ ದಿನ ಕೇಳಿದರೆ ಅದು ಸಿಗುವುದಿಲ್ಲ. ಯಾವ ಯಾವ ಮನೆಯವರು ಹೋಗುತ್ತಾರೆ, ಎಷ್ಟು ಮಕ್ಕಳು ಎಂಬ ಪಟ್ಟಿ ತಿಂಗಳುಗಳ ಮುಂಚೆಯೇ ಮುಖ್ಯ ಶಿಕ್ಷಕರಿಂದ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮೂಲಕ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಮುಟ್ಟಬೇಕು. ಈಗಲೇ ನಿಮ್ಮ ಮಗನ ಹೆಸರು ಬರೆಸಿ.

ಕರೆದುಕೊಂಡೇ ಹೋಗುವುದಾದರೆ ಮಗನ ಎಸ್‌ಎಟಿಎಸ್ ಸಂಖ್ಯೆಯನ್ನು (ಶಾಲಾ ದಾಖಲೆಯಲ್ಲಿ ಪ್ರತಿ ಮಗುವಿಗೂ ಇರುವ ಗುರುತಿನ ಸಂಖ್ಯೆ) ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ರಾಜ್ಯದೊಳಗೆ ಯಾವ ಶಾಲೆಗೆ ಹೋದರೂ ಅದೇ ಸಂಖ್ಯೆ. ಕೆಲಸದ ಜಾಗಕ್ಕೆ ಹತ್ತಿರದ ಸರ್ಕಾರಿ ಶಾಲೆಗೆ ಮೊದಲ ವಾರದಲ್ಲೇ ಹೋಗಿ. ಟಿ.ಸಿ. ಬರುವುದು ತಡವಾಯಿತೆಂದು ಸೇರಿಸಿಕೊಳ್ಳದೆ ಇರುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂನಲ್ಲಿ ಹಾಗೆಂದೇ ಇದೆ. ಹುಟ್ಟಿದ ದಿನಾಂಕದ ಕಾಗದ ಇಲ್ಲವೆಂದೂ ನಿರಾಕರಿಸುವಂತಿಲ್ಲ, ಅದು 14ನೇ ಕಲಂ. ಪಠ್ಯಪುಸ್ತಕ ಮರೆಯದೆ ಗಂಟಿಗೆ ಹಾಕಿ. ವರ್ಷದ ನಡುವೆ ಅಲ್ಲಿ ಹೆಚ್ಚುವರಿ ಪ್ರತಿ ಇರುವುದು ಕಷ್ಟ. ಗೋವಾ, ಪುಣೆಗೆ ಹೋಗುವವರಿಗೆ ಮಾತ್ರ ನಮ್ಮ ಸಲಹೆ: ಭಾಷೆಯೇ ಬೇರೆಯಾಗುವುದರಿಂದ ಒಂದರಿಂದ ಮೂರನೇ ತರಗತಿಯ ಮಗುವನ್ನು ಊರಲ್ಲೇ ಬಿಡುವ ದಾರಿ ಹುಡುಕಿ.

ಪ್ರಶ್ನೆ: ನಮ್ಮ ಶಾಲೆಯ ಹಾಜರಿ ಶೇ 90ಕ್ಕಿಂತ ಕಡಿಮೆ ಇಳಿದಿಲ್ಲ. ಆದರೂ ಆರನೇ ತರಗತಿಯ ಅರ್ಧ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ. ತಾಂಡಾದ ಮಕ್ಕಳೂ ಇದ್ದಾರೆ. ಎಲ್ಲಿ ತಪ್ಪುತ್ತಿದ್ದೇವೆ?
— ಶಿಕ್ಷಕಿ, ಕುಷ್ಟಗಿ ತಾಲ್ಲೂಕು

ಉತ್ತರ: ಮೊದಲು ಆ ಶೇ 90 ನಿಜವೇ ನೋಡಿ. ಹಾಜರಿ ಪುಸ್ತಕ, ಬಿಸಿಯೂಟದ ಲೆಕ್ಕ, ಮಕ್ಕಳ ನೋಟ್‌ಬುಕ್ಕಿನಲ್ಲಿ ಆ ದಿನಾಂಕ ಹಾಕಿ ಬರೆದ ಪುಟ — ಯಾವುದಾದರೂ ಒಂದು ಬುಧವಾರದ ಮೂರನ್ನೂ ಪಕ್ಕದಲ್ಲಿಟ್ಟರೆ ಗೊತ್ತಾಗುತ್ತದೆ. ನಿಜವೇ ಆಗಿದ್ದರೆ ಮುಂದಿನ ಪ್ರಶ್ನೆ ಪಾಠದ ಹೊತ್ತಿನದು. ಆರರಿಂದ ಎಂಟನೇ ತರಗತಿಗೆ ವರ್ಷಕ್ಕೆ 220 ದಿನ, 1,000 ಗಂಟೆ ಬೋಧನೆ ಆಗಬೇಕು. ಅಂದರೆ ದಿನಕ್ಕೆ ಸುಮಾರು ನಾಲ್ಕೂವರೆ ಗಂಟೆ. ಪ್ರಾರ್ಥನೆ, ಹಾಲು, ಊಟ, ಮಾಹಿತಿ ಅಪ್‌ಲೋಡು, ಒಬ್ಬರೇ ಎರಡು ತರಗತಿ ನೋಡುವುದು ಇವೆಲ್ಲ ಕಳೆದು ಉಳಿಯುವುದೆಷ್ಟು? ಒಂದು ವಾರ ಗಡಿಯಾರ ನೋಡಿ ಬರೆದಿಡಿ.

ಆಮೇಲೆ ಮಗು ಯಾವ ಮೆಟ್ಟಿಲಲ್ಲಿ ನಿಂತಿದೆ ಎಂದು ಒಬ್ಬೊಬ್ಬರನ್ನೇ ಕೂರಿಸಿಕೊಂಡು ನೋಡಬೇಕು. ಇಡೀ ತರಗತಿ ಒಟ್ಟಿಗೆ ಓದುವಾಗ ಬಾರದವರೂ ಬಾಯಿ ಆಡಿಸುತ್ತಾರೆ. ಕನ್ನಡದಲ್ಲಿ ಮಕ್ಕಳು ವರ್ಣಮಾಲೆಯಲ್ಲಿ ಸಿಕ್ಕಿಬೀಳುವುದು ಕಡಿಮೆ; ಕಾಗುಣಿತದಲ್ಲಿ, ಅದಕ್ಕಿಂತ ಹೆಚ್ಚಾಗಿ ಒತ್ತಕ್ಷರದಲ್ಲಿ ಸಿಕ್ಕಿಬೀಳುತ್ತಾರೆ. ಒಂದು ರಟ್ಟಿನ ಮೇಲೆ ನಾಲ್ಕು ಸಾಲು ಬರೆಯಿರಿ. ಮೊದಲ ಸಾಲು: ಮರ, ನರಕ, ಬಸವ. ಎರಡು: ಕಾಗೆ, ಹೂವು, ಕೋಳಿ. ಮೂರು: ಅಕ್ಕ, ಎತ್ತು, ಹಳ್ಳಿ. ನಾಲ್ಕು: ಕಷ್ಟ, ಚಂದ್ರ, ಹಬ್ಬಕ್ಕೆ. ಕೆಳಗೆ ನಾಲ್ಕು ಸಾಲಿನ ಒಂದು ಪ್ಯಾರಾ, ಹಿಂಬದಿಗೆ ಎಂಟ್ಹತ್ತು ಸಾಲಿನ ಕಥೆ. ಎಲ್ಲಿ ತಡವರಿಸಿತೋ ಅಲ್ಲಿಂದ ಪಾಠ ಶುರು. ‘ಕೊ’ ಮತ್ತು ‘ಕೋ’ ನಡುವೆ ಎಡವುವ ಮಗುವಿಗೆ ಆರನೇ ತರಗತಿಯ ಗದ್ಯ ಓದಿಸುವುದರಿಂದ ಇಬ್ಬರಿಗೂ ದಣಿವಷ್ಟೇ ಲಾಭ.

ನಾಲ್ಕರಿಂದ ಏಳನೇ ತರಗತಿಯ ಮಕ್ಕಳನ್ನು ದಿನಕ್ಕೆ ಒಂದು ಗಂಟೆ, ಒಂದೇ ಹೊತ್ತಿಗೆ, ತರಗತಿ ಮರೆತು ಮೆಟ್ಟಿಲಿನ ಪ್ರಕಾರ ಕೂರಿಸಿ. ಆ ಗಂಟೆ ಎಲ್ಲ ಶಿಕ್ಷಕರಿಗೂ ಒಂದೇ ಇರಬೇಕು, ಇಲ್ಲದಿದ್ದರೆ ಎರಡನೇ ವಾರಕ್ಕೇ ನಿಲ್ಲುತ್ತದೆ. ತಿಂಗಳಿಗೊಮ್ಮೆ ಮತ್ತೆ ರಟ್ಟು ಹಿಡಿದು ಮೇಲಿನ ಗುಂಪಿಗೆ ದಾಟಿಸಿ. ದಾಟಿಸದೆ ಬಿಟ್ಟರೆ ಅದು ‘ದಡ್ಡರ ಗುಂಪು’ ಎಂದು ಹೆಸರು ಪಡೆದು, ಆ ಮಕ್ಕಳು ಬರುವುದನ್ನೇ ಬಿಡುತ್ತಾರೆ. ಇನ್ನೊಂದು ತಪ್ಪು ಬಹಳ ಕಡೆ ನಡೆಯುತ್ತದೆ: ತೀರಾ ಕೆಳಗಿನ ಗುಂಪನ್ನು ಹೊಸದಾಗಿ ಬಂದ ಅತಿಥಿ ಶಿಕ್ಷಕರ ಕೈಗೆ ಕೊಡುವುದು. ಅದನ್ನು ನಿಮ್ಮಲ್ಲಿ ಅತ್ಯಂತ ಅನುಭವಿ ಯಾರೋ ಅವರೇ ತೆಗೆದುಕೊಳ್ಳಬೇಕು.

ತಾಂಡಾದ ಮಗುವಿನ ತೊಡಕು ಬೇರೆ. ಅಕ್ಷರ ಕೂಡಿಸಿ ‘ಹೂವು’ ಎಂದು ಓದುತ್ತದೆ, ಆದರೆ ಮನೆಯಲ್ಲಿ ಲಂಬಾಣಿ ಆಡುವುದರಿಂದ ಏನು ಓದಿದೆ ಎಂಬುದು ಮನಸ್ಸಿಗೆ ಬರುವುದಿಲ್ಲ. ಬಳ್ಳಾರಿ ಗಡಿಯ ತೆಲುಗು ಮನೆಮಾತಿನ ಮಕ್ಕಳಿಗೂ, ಸಿಂಧನೂರಿನ ಪುನರ್ವಸತಿ ಕ್ಯಾಂಪ್‌ಗಳ ಬಂಗಾಳಿ ಮಕ್ಕಳಿಗೂ ಇದೇ ಕಥೆ. ಪಾಠಕ್ಕೆ ಮುಂಚೆ ಹತ್ತು ನಿಮಿಷ ಮಾತಾಡಿಸಿ. ಪಾಠದ ಎಂಟ್ಹತ್ತು ಪದಗಳಿಗೆ ಅವರ ಮಾತಿನಲ್ಲಿ ಏನನ್ನುತ್ತಾರೆ ಎಂದು ಮಕ್ಕಳಿಂದಲೇ ಹೇಳಿಸಿ ಕರಿಹಲಗೆಯಲ್ಲಿ ಜೋಡಿಯಾಗಿ ಬರೆಯಿರಿ. ‘ಮನೆ ಭಾಷೆ ಮಾತಾಡಬೇಡ’ ಎಂಬ ಗದರಿಕೆಯಿಂದ ಕನ್ನಡ ಬರುವುದಿಲ್ಲ, ಮೌನ ಬರುತ್ತದೆ.

ಪ್ರಶ್ನೆ: ಮಕ್ಕಳು ಊಟಕ್ಕಷ್ಟೇ ಬರ್ತಾರೆ, ಉಂಡ ಮೇಲೆ ಓಡಿಹೋಗ್ತಾರೆ. ಏನು ಮಾಡೋದು?
— ಶಿಕ್ಷಕರು, ದೇವದುರ್ಗ ತಾಲ್ಲೂಕು

ಉತ್ತರ: ಊಟಕ್ಕೆ ಬರುವುದು ದೂರಲ್ಲ. ಬಿಸಿಯೂಟದ ಯೋಜನೆ ಅಕ್ಷರ ದಾಸೋಹ 2002ರ ಜೂನ್‌ನಲ್ಲಿ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಇದ್ದದ್ದು ಸುಮ್ಮನಲ್ಲ. ಊಟದ ನಂತರ ಎರಡನೇ ಸಲ ಹಾಜರಿ ಕೂಗಿ. ಮತ್ತೆ ವೇಳಾಪಟ್ಟಿ ನೋಡಿ: ಮಧ್ಯಾಹ್ನದ ಮೊದಲ ಅವಧಿ ಗಣಿತವೋ ವ್ಯಾಕರಣವೋ ಆಗಿದ್ದರೆ ಬೆಳಿಗ್ಗೆಗೆ ಎತ್ತಿ ಹಾಕಿ, ಆ ಜಾಗಕ್ಕೆ ಕಥೆ, ವಿಜ್ಞಾನದ ಪ್ರಯೋಗ, ಚಿತ್ರ ತನ್ನಿ. ತಗಡಿನ ಕೋಣೆ ಇದ್ದರೆ ಮಾರ್ಚ್‌ನಲ್ಲಿ ಯಾವ ವೇಳಾಪಟ್ಟಿಯೂ ನಡೆಯದು. ಬೇವಿನ ಮರದ ಕೆಳಗೆ ಕೂರಿಸಿ.

ಪ್ರಶ್ನೆ: ಎಂಟನೇ ತರಗತಿಯ ಮಗಳು ಶಾಲೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆ ನುಂಗಿದರೆ ಹೊಟ್ಟೆನೋವು ಅಂತಾಳೆ. ಆ ದಿನ ಶಾಲೆಗೇ ಹೋಗಲ್ಲ.
— ತಾಯಿ, ಕೊಪ್ಪಳ

ಉತ್ತರ: ಹತ್ತು ವರ್ಷ ಮೇಲ್ಪಟ್ಟವರಿಗೆ ವಾರಕ್ಕೊಂದು ಕೊಡುವ ಆ ನೀಲಿ ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣ ಇರುತ್ತದೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ, ಹೊಟ್ಟೆನೋವು ಬರುವುದುಂಟು. ಬಿಸಿಯೂಟವಾದ ಮೇಲೆ ನೀರಿನ ಜೊತೆ ನುಂಗಲಿ. ಬೆಳಗಿನ ಹಾಲಿನ ಜೊತೆ, ಚಹಾದ ಜೊತೆ ಬೇಡವೇ ಬೇಡ. ಕಬ್ಬಿಣ ಮೈಗೆ ಹಿಡಿಯುವುದಿಲ್ಲ. ಮಲ ಕಪ್ಪಾಗುತ್ತದೆ, ಹೆದರಬೇಡಿ. ಹೀಗೆ ಮಾಡಿಯೂ ನೋವು ನಿಲ್ಲದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ, ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಮಾಡಿಸಿ. ರಕ್ತಹೀನತೆ ಇರುವ ಹುಡುಗಿ ಮೂರನೇ ಅವಧಿಗೇ ತೂಕಡಿಸುತ್ತಾಳೆ, ಮನೆಯಲ್ಲಿ ಅದಕ್ಕೆ ಸೋಮಾರಿತನ ಅನ್ನುತ್ತಾರೆ. ತಿಂಗಳಿಗೆ ಮೂರು ನಾಲ್ಕು ದಿನ ತಪ್ಪದೆ ಗೈರಾಗುತ್ತಿದ್ದರೆ ಮಾತ್ರೆಯನ್ನು ಬಿಟ್ಟು ಶೌಚಾಲಯವನ್ನು ನೋಡಿ: ಒಳಗೆ ನಲ್ಲಿಯಲ್ಲಿ ನೀರು, ಬಾಗಿಲಿಗೆ ಚಿಲಕ, ಪ್ಯಾಡ್ ಹಾಕಲು ಮುಚ್ಚಳವಿರುವ ಡಬ್ಬಿ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಶೌಚಾಲಯ ಇದೆ ಎಂದು ಲೆಕ್ಕಕ್ಕೆ ಮಾತ್ರ ಬರುತ್ತದೆ.

ಪ್ರಶ್ನೆ: ನಮ್ಮೂರಲ್ಲಿ ಏಳನೇ ತರಗತಿವರೆಗೆ ಮಾತ್ರ. ಹೈಸ್ಕೂಲು ಆರು ಕಿ.ಮೀ. ದೂರ. ಬಸ್ಸು ತುಂಬಿ ಬಂದರೆ ನಿಲ್ಲಿಸುವುದೇ ಇಲ್ಲ. ಹೆಣ್ಣುಮಕ್ಕಳು ಬಿಟ್ಟುಬಿಡುತ್ತಿದ್ದಾರೆ.
— ಓದುಗರು, ಸಿರುಗುಪ್ಪ ತಾಲ್ಲೂಕು

ಉತ್ತರ: 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಖರ್ಚು ತಪ್ಪಿದೆ, ಬಸ್ಸಿನಲ್ಲಿ ಜಾಗದ ಚಿಂತೆ ತಪ್ಪಿಲ್ಲ. ಎಂಟನೇ ತರಗತಿಯವರೆಗೆ ಮೂರು ಕಿ.ಮೀ. ಒಳಗೆ ಶಾಲೆ ಇರಬೇಕೆಂಬುದು ಶಿಕ್ಷಣ ಹಕ್ಕು ಕಾಯ್ದೆಯ ಮಾನದಂಡ. ಹಾಗಾಗಿ ಎಂಟನೇ ತರಗತಿಯವರಿಗೆ ಸಾರಿಗೆ ವ್ಯವಸ್ಥೆ ಬೇಕೆಂದು ಬಿಇಒಗೆ ಪ್ರತ್ಯೇಕವಾಗಿ ಅರ್ಜಿ ಕೊಡಿ. ಒಂಬತ್ತು, ಹತ್ತರವರಿಗೆ ಆ ಹಕ್ಕು ಅನ್ವಯಿಸದು.

ಬಸ್ಸಿಗೆ ಬರೆಯುವ ಅರ್ಜಿ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ನಿಮ್ಮ ಘಟಕ ವ್ಯವಸ್ಥಾಪಕರಿಗೆ, ಪ್ರತಿ ವಿಭಾಗೀಯ ನಿಯಂತ್ರಣಾಧಿಕಾರಿಗೆ. ‘ಬಸ್ ಸೌಕರ್ಯ ಒದಗಿಸಿ’ ಎಂದು ಬರೆದ ಅರ್ಜಿ ಕಡತದಲ್ಲೇ ಉಳಿಯುತ್ತದೆ. ಯಾವ ನಿಲ್ದಾಣದಲ್ಲಿ ಎಷ್ಟು ಮಕ್ಕಳು, ಶಾಲೆಯ ಗಂಟೆ ಎಷ್ಟಕ್ಕೆ, ಈಗಿನ ಬಸ್ಸು ಎಷ್ಟಕ್ಕೆ ಬರುತ್ತದೆ, ಕಳೆದ ಹದಿನೈದು ದಿನದಲ್ಲಿ ಯಾವ ಯಾವ ದಿನಾಂಕ ನಿಲ್ಲಿಸದೆ ಹೋಯಿತು — ಇದಿಷ್ಟು ಬರೆದು ಮುಖ್ಯ ಶಿಕ್ಷಕರ ಸಹಿ, ಮೊಹರು ಹಾಕಿಸಿ ಸ್ವೀಕೃತಿ ಪಡೆಯಿರಿ. ಇದೇ ವಿಷಯವನ್ನು ಮಕ್ಕಳ ಗ್ರಾಮಸಭೆಯಲ್ಲಿ ಹುಡುಗಿಯರೇ ಎತ್ತಲಿ, ನಡಾವಳಿ ಪುಸ್ತಕದಲ್ಲಿ ಬರೆಸಿ ಅದರ ನಕಲನ್ನೂ ಅರ್ಜಿಗೆ ಲಗತ್ತಿಸಿ. ಬಸ್ಸು ಬರುವವರೆಗೆ, ಹೈಸ್ಕೂಲು ಇರುವ ಊರಲ್ಲಿ ಮೆಟ್ರಿಕ್‌ಪೂರ್ವ ಬಾಲಕಿಯರ ವಿದ್ಯಾರ್ಥಿ ನಿಲಯ ಇದೆಯೇ ವಿಚಾರಿಸಿ. ಜಾತಿ, ಆದಾಯ ಪ್ರಮಾಣಪತ್ರಗಳನ್ನು ಏಳನೇ ತರಗತಿಯ ಕೊನೆಯಲ್ಲೇ ಮಾಡಿಸಿಟ್ಟುಕೊಳ್ಳಿ. ಶಾಲೆ ಶುರುವಾಗುವ ಹೊತ್ತಿಗೆ ನಾಡಕಚೇರಿಯಲ್ಲಿ ಸಾಲು ದೊಡ್ಡದಿರುತ್ತದೆ.