ಫರೀದರ ಲೇಖನದಲ್ಲಿ ಫರೀದರೇ ಕಮ್ಮಿ

ನಮಸ್ಕಾರ,

ಪಂಜಾಬಿನ ಸೂಫಿ ಸಂತ ಬಾಬಾ ಫರೀದರ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಗುರು ನಾನಕರು ಈಗ ಪಾಕಿಸ್ತಾನದಲ್ಲಿರುವ ಪಾಕ್‌ಪಟ್ಟಣದಲ್ಲಿ ಫರೀದರನ್ನು ಭೇಟಿಯಾದರು ಅಂದಿದ್ದೀರಿ. ಫರೀದರು ತೀರಿಕೊಂಡದ್ದು 1266ರ ಸುಮಾರಿಗೆ, ನಾನಕರು ಹುಟ್ಟಿದ್ದು 1469ರಲ್ಲಿ! ನಾನಕರು ಅಲ್ಲಿ ಕಂಡದ್ದು ಫರೀದರ ವಂಶದ ಶೇಖ್ ಇಬ್ರಾಹಿಂ ಅವರನ್ನು. ಫರೀದರ ವಾಣಿ ನಾನಕರ ಕೈಸೇರಿದ್ದು ಅವರಿಂದಲೇ ಎನ್ನುತ್ತಾರೆ. 1604ರಲ್ಲಿ ಸಿಖ್ ಗುರು ಅರ್ಜನರು ಸಂಕಲಿಸಿದ ಪವಿತ್ರ ಗ್ರಂಥದಲ್ಲಿ ಅದಕ್ಕೆ ಜಾಗ ಸಿಕ್ಕಿತು: 4 ಶಬದ್ (ಹಾಡು), 112 ಸಲೋಕ (ಕಿರುಪದ್ಯ).

ಮೊದಲ ಪುಟದ ತುಂಬ 'ಮಹಾನ್ ಸಂತ', 'ಮಾನವತೆಯ ಮೇರು'. ಫರೀದರ ಹೆಸರು ತೆಗೆದು ಬೇರೆ ಯಾರದ್ದು ಹಾಕಿದರೂ ನಡೆಯುತ್ತದೆ, ಅಲ್ವಾ? ಬಾಲಕ ಫರೀದರು ನಮಾಜು ಮಾಡಲೆಂದು ಚಾಪೆಯ ಕೆಳಗೆ ತಾಯಿ ಸಕ್ಕರೆ ಇಡುತ್ತಿದ್ದ ಕತೆ ಇರಲಿ, ದಂತಕತೆ ಅಂತ ಮಾತ್ರ ಹೇಳಿಬಿಡಿ. ದೆಹಲಿಯ ಸೂಫಿ ಸಂತ ನಿಜಾಮುದ್ದೀನ್ ಔಲಿಯಾ ಇವರ ಶಿಷ್ಯರು ಎಂಬ ಮಾತು ಎಲ್ಲೂ ಇಲ್ಲ, ಸೇರಿಸಿ.

ನಿಮ್ಮ ಲೇಖನದ ಒಳ್ಳೆಯ ಜಾಗ ಕೊನೆಯಲ್ಲಿ ಅಡಗಿದೆ, ಫರೀದರ ಈ ಸಲೋಕ: ಓಣಿಯೆಲ್ಲ ಕೆಸರು, ನಲ್ಲನ ಮನೆ ದೂರ. ಹೊರಟರೆ ಕಂಬಳಿ ನೆನೆಯುತ್ತದೆ, ಉಳಿದರೆ ಒಲವು ಮುರಿಯುತ್ತದೆ. ಮುಂದಿನ ಸಲೋಕದಲ್ಲೇ ತೀರ್ಮಾನ: ಮಳೆ ಸುರಿಯಲಿ, ಕಂಬಳಿ ತೊಯ್ದು ತೊಪ್ಪೆಯಾಗಲಿ, ನಾನು ಹೋಗುವವನೇ. ಇದರ ಕೆಳಗೆ 'ಇಲ್ಲಿ ಕಂಬಳಿ ಎಂದರೆ ದೇಹ' ಅಂತ ಆರು ಸಾಲು ವಿವರಣೆ ಬೇಕಿತ್ತಾ? ಹೊಡೆದುಹಾಕಿ. ಕೆಸರು ಕೆಸರಾಗಿಯೇ ಇರಲಿ.

'ಸಿಖ್ಖರು ಫರೀದರನ್ನು ಗೌರವಿಸುತ್ತಾರೆ' ಎಂದು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ನನಗೆ ಬೇಕಾದದ್ದು ಅದೇ ಭಾಗ. ಫರೀದರು ಒಂದು ಕಡೆ ಹಾಡುತ್ತಾರೆ: ಮೈ ತಂದೂರಿನಂತೆ ಕಾಯಲಿ, ಎಲುಬೇ ಸೌದೆಯಾಗಿ ಉರಿಯಲಿ, ಕಾಲು ಸೋತರೆ ತಲೆಯ ಮೇಲೆ ನಡೆದೇನು, ಆ ನಲ್ಲ, ದೇವರು, ಸಿಕ್ಕರೆ ಸಾಕು. ಅದರ ಬೆನ್ನಿಗೇ ನಾನಕರ ಉತ್ತರವಿದೆ: ಮೈಯನ್ನು ಹಾಗೆ ಕಾಯಿಸಬೇಡ, ಎಲುಬು ಸುಡಬೇಡ, ತಲೆ, ಕಾಲು ನಿನಗೇನು ಮಾಡಿದ್ದವು? ಅವನನ್ನು ಒಳಗೇ ನೋಡು. ಸಿಖ್ ಗುರುಗಳು ಒಪ್ಪದ ಮಾತನ್ನು ಅಳಿಸದೆ, ಪಕ್ಕದಲ್ಲೇ ತಮ್ಮ ಮಾತನ್ನೂ ಇಟ್ಟಿದ್ದಾರೆ. ಗೌರವ ಅಂದರೆ ಬರೀ ಕೈಮುಗಿಯುವುದಲ್ಲ ಅನ್ನುವುದು ಇಲ್ಲಿ ಕಾಣುತ್ತದೆ. ಲೇಖನವನ್ನು ಇಲ್ಲಿಂದಲೇ ಶುರು ಮಾಡಿ.

ಶಿಶುನಾಳ ಶರೀಫರ ಜೊತೆಗಿನ ಹೋಲಿಕೆ ಕೈಬಿಡಿ. ಅದು ಬೇರೆಯೇ ಲೇಖನ, ಬರೆದರೆ ಖಂಡಿತ ಓದುತ್ತೇನೆ. ಇದನ್ನು 800 ಪದಗಳಿಗೆ ಇಳಿಸಿ ಕಳಿಸಿ. ತಲೆಬರಹ ಆಮೇಲೆ ನೋಡೋಣ.

ಇಂತಿ,
ಸಂಪಾದಕ